ಭೂಮಿಯ ಬಗೆಗಿನ ತೀರ್ಮಾನಕ್ಕೆ ಜಗತ್ತಿನ ಸಾಮಾನ್ಯ ಜನರನ್ನು ಕೂರಿಸುವುದು ಹೇಗೆ?

2021ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಊರಿನ ಬಳಿಯಿಂದ ಒಂದು ದೊಡ್ಡ ಬಲೂನು ಮೇಲೇರಬೇಕಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಪ್ರಯೋಗ ಅದು. ಬಿಸಿಲನ್ನು ಚೂರು ಮಂಕು ಮಾಡಿ ಭೂಮಿಯನ್ನು ತಂಪಾಗಿಸಲು ಆಗುತ್ತದೆಯೇ ಎಂದು ಮುಂದೊಂದು ದಿನ ಪರೀಕ್ಷಿಸುವುದು ಅವರ ಉದ್ದೇಶ. ಆ ಸಲ ಮಾತ್ರ ಏನನ್ನೂ ಚೆಲ್ಲುವ ಯೋಚನೆ ಇರಲಿಲ್ಲ. ಬಲೂನಿನ ಸಲಕರಣೆ ಸರಿಯಾಗಿ ಕೆಲಸ ಮಾಡುತ್ತದಾ ಎಂದು ನೋಡುವುದಷ್ಟೇ. ಮುಂದಿನ ಹಂತದಲ್ಲಿ ಒಂದೆರಡು ಕೆಜಿ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಆಕಾಶದ ಎತ್ತರದ ಪದರದಲ್ಲಿ ಬಿಡಬೇಕು ಎಂದಿತ್ತು.

ಬಲೂನು ಹಾರಲಿಲ್ಲ. ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಮಂಡಳಿ, ಸ್ವೀಡನ್ನಿನ ಪರಿಸರ ಸಂಘಟನೆಗಳ ಜೊತೆ ಸೇರಿ ಪತ್ರ ಬರೆಯಿತು. ನಮ್ಮ ತಲೆಯ ಮೇಲಿನ ಆಕಾಶದಲ್ಲಿ ಇಂಥದ್ದನ್ನು ಶುರು ಮಾಡುವ ಮೊದಲು ನಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎನ್ನುವುದು ಅವರ ಆಕ್ಷೇಪ. ಪ್ರಯೋಗದ ಮೇಲೆ ಕಣ್ಣಿಡಲೆಂದೇ ನೇಮಿಸಿದ್ದ ಸಲಹಾ ಸಮಿತಿಯೂ ಅದನ್ನು ಒಪ್ಪಿತು. ಮೊದಲು ಅಲ್ಲಿನ ಜನರ ಜೊತೆ ಮಾತುಕತೆ ಆಗಲಿ, ಅಲ್ಲಿಯವರೆಗೆ ತಡೆಯಿರಿ ಎಂದಿತು. 2024ರಲ್ಲಿ ಹಾರ್ವರ್ಡ್ ಆ ಯೋಜನೆಯನ್ನೇ ಕೈಬಿಟ್ಟಿತು.

ಜನರನ್ನು ಕೇಳಬೇಕು ಎಂದರು, ಸರಿ. ಆದರೆ ಯಾವ ಜನರನ್ನು? ಕಿರುನಾದವರನ್ನು ಮಾತ್ರವಾ?

1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ಎತ್ತರದ ಪದರ ಸೇರಿ, ಬಿಸಿಲನ್ನು ತಡೆಯುವ ಸಣ್ಣ ಕಣಗಳಾಗಿ, ಇಡೀ ಜಗತ್ತಿನ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು. ಒಂದು ಕಡೆ ಚೆಲ್ಲಿದ್ದು ಊರೂರಿಗೂ ತಲುಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಂಥ ಕಣಗಳನ್ನು ಉತ್ತರಾರ್ಧಗೋಳದಲ್ಲಿ ಮಾತ್ರ ಚೆಲ್ಲಿದರೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೋವಿಂದಸ್ವಾಮಿ ಬಾಲ ಮತ್ತು ಅವರ ತಂಡ ಕೂಡ ಈ ವಿಷಯವನ್ನು ಅಧ್ಯಯನ ಮಾಡಿದೆ. ಮಳೆಪಟ್ಟಿ ಸರಿಯಿತು ಅಂದರೆ ನಮ್ಮ ಮುಂಗಾರು ಏರುಪೇರಾಯಿತು ಅಂತಲೇ ಅರ್ಥ. ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ಯಾರೋ ತೆಗೆದುಕೊಂಡ ತೀರ್ಮಾನಕ್ಕೆ ವಿಜಯಪುರದ ತೊಗರಿ ಬೆಳೆಗಾರ ಬೆಲೆ ತೆರಬೇಕಾಗಬಹುದು. ಹಾಗಿದ್ದರೆ ಅವನನ್ನೂ ಕೇಳಬೇಕಲ್ವಾ?

ಕೇಳಬೇಕು. ಹೇಗೆ ಕೇಳುವುದು ಎಂಬುದೇ ಕಷ್ಟದ ಭಾಗ. ಕಳೆದ ಹದಿನೈದು-ಹದಿನಾರು ವರ್ಷಗಳಲ್ಲಿ ಕೆಲವರು ಇದನ್ನು ನಿಜವಾಗಿ ಮಾಡಿ ನೋಡಿದ್ದಾರೆ. ಬೇರೆ ಬೇರೆ ದೇಶಗಳ ಸಾಮಾನ್ಯ ಜನರನ್ನು ಸೇರಿಸಿ, ಮಾಹಿತಿ ಕೊಟ್ಟು, ಸಮಯ ಕೊಟ್ಟು, ಭೂಮಿಯ ವಿಚಾರದಲ್ಲಿ ನಿಮ್ಮ ತೀರ್ಮಾನವೇನು ಎಂದು ಕೇಳಿದ್ದಾರೆ. ಆ ಪ್ರಯತ್ನಗಳಲ್ಲಿ ಏನಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಈಗ ಯಾರು ಮಾತಾಡುತ್ತಿದ್ದಾರೆ

ಹವಾಮಾನದ ಬಗ್ಗೆ ಪ್ರತಿ ವರ್ಷ ನಡೆಯುವ ದೊಡ್ಡ ಸಭೆಯ ಸುದ್ದಿ ಎಲ್ಲರೂ ಓದಿರುತ್ತೀರಿ. ಕಾಪ್ ಎಂದು ಕರೆಯುತ್ತಾರೆ. 1992ರ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದವರು ಸೇರುವ ಸಭೆ ಇದು. ಇಲ್ಲಿ ಸದಸ್ಯತ್ವ ಇರುವುದು ಸರ್ಕಾರಗಳಿಗೆ. ಒಟ್ಟು 198 ಸದಸ್ಯರು. ಮತದಾನದ ನಿಯಮ ಹೇಗಿರಬೇಕು ಎಂಬುದನ್ನೇ ಇವರು ಇವತ್ತಿಗೂ ಒಪ್ಪಿಕೊಂಡಿಲ್ಲ. ಹಾಗಾಗಿ ತೀರ್ಮಾನಗಳೆಲ್ಲ ಒಮ್ಮತದಿಂದಲೇ ಆಗಬೇಕು. ನಾಲ್ಕಾರು ದೇಶ ಗಟ್ಟಿಯಾಗಿ ಬೇಡ ಎಂದರೆ ವರ್ಷಗಳ ಕೆಲಸ ನಿಂತುಹೋಗುತ್ತದೆ.

ಸರ್ಕಾರ ಬಿಟ್ಟು ಬೇರೆಯವರು ವೀಕ್ಷಕರಾಗಿ ಒಳಗೆ ಬರಬಹುದು. ಆದರೆ ಅದಕ್ಕೆ ನೋಂದಾಯಿತ ಸಂಸ್ಥೆಯಾಗಿರಬೇಕು. ಉದ್ಯಮಿಗಳು, ಪರಿಸರ ಸಂಘಟನೆಗಳು, ರೈತರು, ಕಾರ್ಮಿಕ ಸಂಘಗಳು, ಮೂಲನಿವಾಸಿಗಳು, ಯುವಜನ, ಮಹಿಳೆಯರು, ಸಂಶೋಧಕರು, ಸ್ಥಳೀಯ ಆಡಳಿತಗಳು ಹೀಗೆ ಒಂಬತ್ತು ಗುಂಪುಗಳಿವೆ. ಪ್ರತಿ ಗುಂಪಿಗೂ ಸಭೆಯಲ್ಲಿ ಮಾತಾಡಲು ಸಿಗುವುದು ಕೆಲವೇ ನಿಮಿಷ. ಯಾವ ಸಂಘಕ್ಕೂ ಸೇರದ, ಇಂಗ್ಲಿಷ್ ಬಾರದ, ವಿಮಾನದ ಟಿಕೆಟ್ ಕೊಳ್ಳಲಾಗದ ಮನುಷ್ಯನಿಗೆ ಇಲ್ಲಿ ಬಾಗಿಲೇ ಇಲ್ಲ. ಜಗತ್ತಿನ ಬಹುಪಾಲು ಜನ ಅಂಥವರೇ.

ನಮ್ಮ ಸರ್ಕಾರ ನಮ್ಮ ಪರವಾಗಿ ಮಾತಾಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಮಾತಾಡುತ್ತದೆ, ನಿಜ. ಆದರೆ ಸರ್ಕಾರ ಮಾತಾಡುವುದು ದೇಶದ ಹಿತಾಸಕ್ತಿಯ ಲೆಕ್ಕದಲ್ಲಿ. ಕಡಲು ಉಕ್ಕಿ ಮನೆ ಹೋಗುವ ಒಡಿಶಾದ ಮೀನುಗಾರನಿಗೂ ಬಾಂಗ್ಲಾದೇಶದ ಮೀನುಗಾರನಿಗೂ ಕಷ್ಟ ಒಂದೇ. ಇಬ್ಬರ ಸರ್ಕಾರಗಳ ನಿಲುವು ಮಾತ್ರ ಒಂದೇ ಆಗಿರಬೇಕೆಂದಿಲ್ಲ. ಆ ಇಬ್ಬರೂ ಒಂದೇ ಮೇಜಿನ ಸುತ್ತ ಕೂತು ಮಾತಾಡುವ ಜಾಗ ಈ ವ್ಯವಸ್ಥೆಯಲ್ಲಿ ಎಲ್ಲೂ ಇಲ್ಲ.

ಚೀಟಿ ಎತ್ತುವುದು ಯಾಕೆ

ಪರಿಹಾರವಾಗಿ ಮುಂದೆ ಬಂದಿರುವ ದಾರಿ ಕೇಳಿದರೆ ಮೊದಲಿಗೆ ವಿಚಿತ್ರ ಅನಿಸುತ್ತದೆ. ಚುನಾವಣೆ ಬೇಡ, ಪ್ರತಿನಿಧಿಗಳೂ ಬೇಡ. ಚೀಟಿ ಎತ್ತಿ ಜನರನ್ನು ಆರಿಸಿ. ವಯಸ್ಸು, ಲಿಂಗ, ಓದು, ಊರು-ಪೇಟೆ ಎಲ್ಲದರಲ್ಲೂ ಆ ಗುಂಪು ಇಡೀ ಸಮಾಜದ ಹಾಗೇ ಇರುವಂತೆ ನೋಡಿಕೊಳ್ಳಿ. ಅವರಿಗೆ ವಿಷಯ ತಿಳಿಸಿಕೊಡಿ. ಪರ-ವಿರೋಧ ಎರಡೂ ಕಡೆಯ ತಜ್ಞರನ್ನು ಅವರ ಮುಂದೆ ನಿಲ್ಲಿಸಿ. ಸಾಕಷ್ಟು ಸಮಯ ಕೊಡಿ. ಆಮೇಲೆ ಕೇಳಿ.

ಚೀಟಿ ಎತ್ತುವುದು ಹೊಸದೇನಲ್ಲ. ಪ್ರಾಚೀನ ಅಥೆನ್ಸ್‌ನಲ್ಲಿ ಹೆಚ್ಚಿನ ಅಧಿಕಾರಿಗಳನ್ನು ಹೀಗೇ ಆರಿಸುತ್ತಿದ್ದರು. ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಹತ್ತನೇ ಶತಮಾನದ ಚೋಳರ ಶಾಸನವಿದೆ. ಓಲೆಗರಿಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಒಬ್ಬ ಹುಡುಗನ ಕೈಯಲ್ಲಿ ಎತ್ತಿಸಿ ಊರಿನ ಸಮಿತಿಗಳನ್ನು ಮಾಡುವ ಕ್ರಮ ಅದರಲ್ಲಿದೆ. ಆದರೆ ಆ ಮಡಕೆಗೆ ಎಲ್ಲರ ಹೆಸರೂ ಬೀಳುತ್ತಿರಲಿಲ್ಲ. ಜಮೀನು ಇರಬೇಕು, ಸ್ವಂತ ಮನೆ ಇರಬೇಕು, ವೇದ ಓದಿರಬೇಕು. ಹೆಂಗಸರಿಗೂ ದುಡಿದು ತಿನ್ನುವವರಿಗೂ ಅಲ್ಲಿ ಜಾಗವಿರಲಿಲ್ಲ. ಚೀಟಿ ನ್ಯಾಯವಾಗಿ ಎತ್ತಿದರೆ ಸಾಲದು. ಮಡಕೆಗೆ ಯಾರ ಹೆಸರು ಬಿತ್ತು ಎಂದೂ ನೋಡಬೇಕು. ಜಾಗತಿಕ ಮಟ್ಟಕ್ಕೆ ಹೋದಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ಇಂಥ ಸಭೆಗೂ ನಾವು ನೋಡಿರುವ ಅಹವಾಲು ಸಭೆಗೂ ವ್ಯತ್ಯಾಸವಿದೆ. ಕಾರ್ಖಾನೆಗೋ ಗಣಿಗೋ ಅನುಮತಿ ಕೊಡುವ ಮೊದಲು ಪರಿಸರದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಜಿಲ್ಲಾಧಿಕಾರಿ ವೇದಿಕೆ ಮೇಲೆ, ಜನ ಕೆಳಗೆ, ಮಧ್ಯದಲ್ಲಿ ಒಂದು ಮೈಕು. ಪರ ಇರುವವರು ಪರ ಮಾತಾಡುತ್ತಾರೆ, ವಿರೋಧ ಇರುವವರು ವಿರೋಧ. ಸಂಜೆಗೆ ಎಲ್ಲರೂ ಬಂದ ಅಭಿಪ್ರಾಯದ ಜೊತೆಗೇ ಮನೆಗೆ ಹೋಗುತ್ತಾರೆ. ಬೇರೆ ಜೀವಿಯ ವಂಶವಾಹಿ ಸೇರಿಸಿದ (ಕುಲಾಂತರಿ) ಬಿಟಿ ಬದನೆಯ ಬಗ್ಗೆ 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿದ್ದರು. ಕೊನೆಯದು ಬೆಂಗಳೂರಿನಲ್ಲಿ. ಮೂರೇ ದಿನದಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ಜನರ ದನಿಗೆ ಬೆಲೆ ಸಿಕ್ಕಿದ ಅಪರೂಪದ ಸಂದರ್ಭ ಅದು, ಅದನ್ನು ಕಡೆಗಣಿಸುವ ಹಾಗಿಲ್ಲ. ಆದರೂ ಅಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಮೊದಲೇ ಸಂಘಟಿತರಾಗಿದ್ದವರ ದನಿ.

ಅದಕ್ಕೂ ಹತ್ತು ವರ್ಷ ಮೊದಲು, 2000ದಲ್ಲಿ, ಚಿತ್ರದುರ್ಗದಲ್ಲಿ ಬೇರೆಯದೇ ಒಂದು ಪ್ರಯತ್ನ ನಡೆದಿತ್ತು. ಆಕ್ಷನ್ ಏಯ್ಡ್ ಸಂಸ್ಥೆ ರೈತರ ಒಂದು ಪುಟ್ಟ ತಂಡ ಮಾಡಿ, ನ್ಯಾಯಾಲಯದಲ್ಲಿ ತೀರ್ಪುಗಾರರು ಕೂರುವ ಹಾಗೆ ಕೂರಿಸಿತು. ಕುಲಾಂತರಿ ಬೀಜದ ಪರ ಇರುವವರು, ವಿರೋಧ ಇರುವವರು ಬಂದು ವಾದ ಮುಂದಿಟ್ಟರು. ರೈತರು ಪ್ರಶ್ನೆ ಕೇಳಿದರು. ಕೊನೆಗೆ ಮತ ಹಾಕಿದರು. ಬಹುಮತ ಬೇಡ ಎಂದಿತು. ಹೀಗೆ ಬಂದ 'ಬೇಡ'ದಲ್ಲಿ ತೂಕ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ಎರಡೂ ಕಡೆ ಕೇಳಿಸಿಕೊಂಡು, ಎದುರು ನಿಂತವರನ್ನು ಪ್ರಶ್ನೆ ಮಾಡಿ ಹೇಳಿದ ಮಾತು ಅದು.

ಒಂದೇ ದಿನ, ಒಂದೇ ಪ್ರಶ್ನೆ

ಈ ಕ್ರಮವನ್ನು ಜಗತ್ತಿನ ಮಟ್ಟಕ್ಕೆ ಒಯ್ದ ಮೊದಲ ದೊಡ್ಡ ಪ್ರಯತ್ನ ನಡೆದದ್ದು 2009ರ ಸೆಪ್ಟೆಂಬರ್ 26ರಂದು. ಕೋಪನ್‌ಹೇಗನ್ ಹವಾಮಾನ ಸಭೆಗೆ ಇನ್ನೂ ಎರಡು ತಿಂಗಳ ಮೇಲೆ ಸಮಯವಿತ್ತು. ಡೆನ್ಮಾರ್ಕಿನ ತಂತ್ರಜ್ಞಾನ ಮಂಡಳಿ ಮುಂದೆ ನಿಂತು 38 ದೇಶಗಳಲ್ಲಿ ಒಂದೇ ದಿನ ಸಭೆ ಏರ್ಪಡಿಸಿತು. ವರ್ಲ್ಡ್ ವೈಡ್ ವ್ಯೂಸ್ ಎಂದು ಹೆಸರು. ಸುಮಾರು 4,000 ಜನ ಸೇರಿದರು. 2012ರಲ್ಲಿ ಜೀವವೈವಿಧ್ಯದ ಬಗ್ಗೆ 25 ದೇಶಗಳಲ್ಲಿ ಮತ್ತೊಂದು ನಡೆಯಿತು. ಅದರ ಫಲಿತಾಂಶ ಹೋಗಿದ್ದು ಅದೇ ವರ್ಷ ಹೈದರಾಬಾದಿನಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನಕ್ಕೆ. ಮೂರನೆಯದು ಪ್ಯಾರಿಸ್ ಸಭೆಗೆ ಮೊದಲು, 2015ರ ಜೂನ್ 6ರಂದು. 76 ದೇಶ, ಸುಮಾರು 10,000 ಜನ. ಪೆಸಿಫಿಕ್ ದ್ವೀಪಗಳಲ್ಲಿ ಸೂರ್ಯ ಹುಟ್ಟಿದಾಗ ಶುರುವಾದ ಚರ್ಚೆ ಅಮೆರಿಕದಲ್ಲಿ ಮುಗಿಯಿತು.

ಒಂದು ಸಭೆಯೊಳಗೆ ಹೊಕ್ಕು ನೋಡೋಣ. ಒಂದು ದೊಡ್ಡ ಹಾಲ್. ಸುಮಾರು ನೂರು ಜನ. ಐದರಿಂದ ಎಂಟು ಮಂದಿಗೆ ಒಂದು ಮೇಜು. ಪ್ರತಿ ಮೇಜಿಗೂ ಒಬ್ಬರು ನಡೆಸಿಕೊಡುವವರು. ಅವರು ತಮ್ಮ ಅಭಿಪ್ರಾಯ ಹೇಳುವ ಹಾಗಿಲ್ಲ. ಸುಮ್ಮನೆ ಕೂತವರನ್ನು ಮಾತಾಡಿಸುವುದು, ಜಾಸ್ತಿ ಮಾತಾಡುವವರನ್ನು ನಯವಾಗಿ ತಡೆಯುವುದು, ಇಷ್ಟೇ ಅವರ ಕೆಲಸ. ಎಲ್ಲರ ಕೈಯಲ್ಲೂ ಅವರವರ ಭಾಷೆಯ ಒಂದು ಮಾಹಿತಿ ಪುಸ್ತಕ. ದಿನವನ್ನು ನಾಲ್ಕೈದು ವಿಷಯಗಳಾಗಿ ಹಂಚಿರುತ್ತಾರೆ. ಪ್ರತಿ ವಿಷಯಕ್ಕೂ ಮೊದಲು ಒಂದು ಚಿಕ್ಕ ವಿಡಿಯೊ, ಆಮೇಲೆ ಮೇಜಿನ ಸುತ್ತ ಮಾತು. ಕೊನೆಗೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಮತ ಹಾಕುತ್ತಾರೆ. ಮೇಜಿನಲ್ಲಿ ಒಮ್ಮತ ಬರಬೇಕೆಂಬ ಒತ್ತಾಯವಿಲ್ಲ. ಪ್ರಶ್ನೆ ಎಲ್ಲ ದೇಶಕ್ಕೂ ಒಂದೇ, ಉತ್ತರದ ಆಯ್ಕೆಗಳೂ ಒಂದೇ. ಎಣಿಕೆ ಆದ ಕೂಡಲೇ ಅಂಕಿಗಳು ಅಂತರ್ಜಾಲಕ್ಕೆ ಹೋಗುತ್ತವೆ. ಇಂಡೊನೇಷ್ಯಾದವರು ಏನಂದರು, ಕೆನಡಾದವರು ಏನಂದರು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಅದರಲ್ಲಿ ಏನು ಹೊರಬಿತ್ತು? 2009ರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ, ಕೋಪನ್‌ಹೇಗನ್‌ನಲ್ಲಿ ಒಪ್ಪಂದ ಆಗಲೇಬೇಕು, ತಡ ಮಾಡಬೇಡಿ ಎಂದರು. 2015ರ ಒಂದು ಉತ್ತರ ನನ್ನನ್ನು ಇನ್ನೂ ಹೆಚ್ಚು ಸೆಳೆಯಿತು. ಹವಾಮಾನಕ್ಕಾಗಿ ತೆಗೆದುಕೊಳ್ಳುವ ಕ್ರಮಗಳು ನಿಮ್ಮ ಬದುಕಿಗೆ ಹೊರೆಯೋ ಅಥವಾ ಬದುಕು ಸುಧಾರಿಸಿಕೊಳ್ಳುವ ಅವಕಾಶವೋ ಎಂದು ಕೇಳಿದ್ದರು. ಮೂರರಲ್ಲಿ ಎರಡು ಪಾಲು ಜನ ಅವಕಾಶ ಎಂದರು. ಜನ ಇದನ್ನೆಲ್ಲ ಸಹಿಸುವುದಿಲ್ಲ ಎಂದು ರಾಜಕಾರಣಿಗಳು ಮೇಲಿಂದ ಮೇಲೆ ಹೇಳುತ್ತಾರೆ. ಜನರನ್ನು ಕೂರಿಸಿ ಕೇಳಿದಾಗ ಬಂದ ಉತ್ತರ ಹಾಗಿರಲಿಲ್ಲ.

ಕೊರತೆಗಳೂ ಇವೆ. ಪ್ರಶ್ನೆ ಬರೆದವರು ಸಂಘಟಕರು. ಜನರಿಗೆ ಆಯ್ಕೆಗಳ ನಡುವೆ ಟಿಕ್ ಹಾಕುವ ಅವಕಾಶ ಇತ್ತು, ಪ್ರಶ್ನೆಯೇ ತಪ್ಪು ಎನ್ನುವ ಅವಕಾಶ ಕಡಿಮೆ. ಎಲ್ಲರಿಗೂ ಒಂದೇ ಪ್ರಶ್ನೆ ಇದ್ದರೆ ಮಾತ್ರ ಹೋಲಿಸಲು ಬರುತ್ತದೆ, ಹಾಗಾಗಿ ಅದು ಅನಿವಾರ್ಯ ಎನ್ನುತ್ತಾರೆ. ಒಪ್ಪುತ್ತೇನೆ. ಇನ್ನೊಂದು ಕೊರತೆ ದೊಡ್ಡದು. ಹೆಸರು ಜಾಗತಿಕ, ಆದರೆ ಮಾತುಕತೆ ಗಡಿ ದಾಟಲಿಲ್ಲ. ಆಯಾ ದೇಶದವರು ಆಯಾ ದೇಶದವರ ಜೊತೆಗೇ ಮಾತಾಡಿದರು. ಗಡಿ ದಾಟಿದ್ದು ಅಂಕಿಗಳು ಮಾತ್ರ. ಬಾಂಗ್ಲಾದ ಹೆಣ್ಣುಮಗಳ ಮಾತನ್ನು ಅಮೆರಿಕದ ಗಂಡಸು ಎದುರು ಕೂತು ಕೇಳಿಸಿಕೊಳ್ಳಲಿಲ್ಲ.

ನೂರು ಚುಕ್ಕೆಗಳು

ಆ ಕೊರತೆ ತುಂಬಲು ಹೊರಟಿದ್ದು 2021ರ ಗ್ಲೋಬಲ್ ಅಸೆಂಬ್ಲಿ. ಗ್ಲಾಸ್ಗೊದಲ್ಲಿ ಕಾಪ್ ಸಭೆ ನಡೆದ ವರ್ಷ. ಜಗತ್ತಿನ ನೂರು ಜನರನ್ನು ಒಂದೇ ಸಭೆಯಲ್ಲಿ ಕೂರಿಸಬೇಕು ಎನ್ನುವುದು ಅದರ ಹಟ.

ಆರಿಸಿದ ರೀತಿ ಹೀಗಿತ್ತು. ಭೂಮಿಯ ಮೇಲೆ ಎಲ್ಲಿ ಎಷ್ಟು ಜನ ಇದ್ದಾರೆ ಎಂಬ ಮಾಹಿತಿಯನ್ನು ಕಂಪ್ಯೂಟರಿಗೆ ಕೊಟ್ಟು ನಕ್ಷೆಯ ಮೇಲೆ ನೂರು ಚುಕ್ಕೆ ಇಡಿಸಿದರು. ಜನ ಜಾಸ್ತಿ ಇರುವ ಕಡೆ ಚುಕ್ಕೆ ಬೀಳುವ ಸಂಭವ ಜಾಸ್ತಿ. ಪ್ರತಿ ಚುಕ್ಕೆಯ ಹತ್ತಿರ ಕೆಲಸ ಮಾಡುವ ಒಂದು ಸ್ಥಳೀಯ ಸಂಸ್ಥೆಯನ್ನು ಹುಡುಕಿದರು. ಅವರು ಬೀದಿಯಲ್ಲಿ, ಮನೆಬಾಗಿಲಲ್ಲಿ ಜನರನ್ನು ಮಾತಾಡಿಸಿ ನಾಲ್ಕಾರು ಹೆಸರು ಕೊಟ್ಟರು. ಆಮೇಲೆ ಎರಡನೇ ಸಲ ಚೀಟಿ. ಗಂಡು-ಹೆಣ್ಣು, ವಯಸ್ಸು, ಓದು, ಹವಾಮಾನದ ಬಗ್ಗೆ ಇರುವ ನಿಲುವು, ಎಲ್ಲವೂ ಜಗತ್ತಿನ ಲೆಕ್ಕಕ್ಕೆ ಹೊಂದುವ ಹಾಗೆ ಒಬ್ಬೊಬ್ಬರನ್ನು ಆರಿಸಿದರು. ಜನಸಂಖ್ಯೆಗೆ ತಕ್ಕ ಹಾಗೆ ಮಾಡಿದ್ದರಿಂದ ಬಹುಪಾಲು ಜನ ಏಷ್ಯಾ, ಆಫ್ರಿಕಾದವರು. ಭಾರತದವರೇ ಹೆಚ್ಚುಕಡಿಮೆ ಆರಕ್ಕೆ ಒಬ್ಬರು. ಹೆಚ್ಚಿನವರು ಬಡವರು, ಓದು ಕಡಿಮೆ ಇದ್ದವರೂ ಸಾಕಷ್ಟು ಇದ್ದರು. ಸೂಟುಬೂಟಿನ ಸಮ್ಮೇಳನಗಳಲ್ಲಿ ಕಾಣುವ ಜಗತ್ತಿಗಿಂತ ಇದು ನಿಜವಾದ ಜಗತ್ತಿಗೆ ಎಷ್ಟೋ ಹತ್ತಿರ.

ಕೋವಿಡ್ ಕಾಲ. ಸಭೆಯೆಲ್ಲ ಜೂಮ್‌ನಲ್ಲೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಟ್ಟು 68 ಗಂಟೆ. ಇಂಗ್ಲಿಷ್ ಬಾರದವರ ಪಕ್ಕದಲ್ಲಿ ಆ ಸ್ಥಳೀಯ ಸಂಸ್ಥೆಯ ಒಬ್ಬರು ಕೂತು ಅನುವಾದ ಮಾಡಿ ಹೇಳಬೇಕು, ಅವರು ಹೇಳಿದ್ದನ್ನು ಇಂಗ್ಲಿಷ್‌ಗೆ ಮಾಡಿ ತಿರುಗಿ ಹೇಳಬೇಕು. ಯೋಚಿಸಿ ನೋಡಿ. ಒಬ್ಬ ರೈತ ಮಹಿಳೆ ತನ್ನ ಬರಗಾಲದ ಕಥೆ ಹೇಳುತ್ತಾಳೆ. ಪಕ್ಕದವರು ಅದನ್ನು ನಾಲ್ಕು ಇಂಗ್ಲಿಷ್ ವಾಕ್ಯ ಮಾಡುತ್ತಾರೆ. ಇನ್ನೊಂದು ಖಂಡದಲ್ಲಿ ಮತ್ತೊಬ್ಬರು ಅದನ್ನು ಎರಡು ವಾಕ್ಯ ಮಾಡಿ ತಮ್ಮ ಕಡೆಯವರಿಗೆ ದಾಟಿಸುತ್ತಾರೆ. ಇಷ್ಟರಲ್ಲಿ ಎಷ್ಟು ಉಳಿಯಿತು, ಎಷ್ಟು ಸೋರಿತು? ದುಡ್ಡು ಎಲ್ಲಿಗೆ ಮೊದಲು ಹೋಗಬೇಕು ಎಂದು ನನ್ನನ್ನು ಕೇಳಿದರೆ, ಒಳ್ಳೆಯ ಅನುವಾದಕರಿಗೆ ಎನ್ನುತ್ತೇನೆ. ಯುರೋಪಿನ ಭವಿಷ್ಯದ ಬಗ್ಗೆ 2021-22ರಲ್ಲಿ ಯುರೋಪಿಯನ್ ಒಕ್ಕೂಟ 800 ನಾಗರಿಕರನ್ನು ಕೂರಿಸಿದಾಗ 24 ಭಾಷೆಗಳಲ್ಲಿ ವೃತ್ತಿಪರ ಅನುವಾದಕರನ್ನು ಇಟ್ಟಿತ್ತು. ತಮ್ಮ ತಮ್ಮ ಭಾಷೆಯಲ್ಲೇ ವಾದ ಮಾಡುವ ಧೈರ್ಯ ಜನರಿಗೆ ಬರುವುದು ಆಗ.

ಇನ್ನು ಲೆಕ್ಕದ ತೊಡಕು. ನೂರು ಜನ ಸುಮಾರು 800 ಕೋಟಿ ಜನರ ಪರವಾಗಿ ಎಂದರೆ ಒಬ್ಬೊಬ್ಬರ ಪಾಲಿಗೆ ಸುಮಾರು 8 ಕೋಟಿ. ಇಡೀ ಕರ್ನಾಟಕಕ್ಕಿಂತ ಜಾಸ್ತಿ. ಒಂದು ಸಲದ ಚೀಟಿಯಲ್ಲಿ ಕನ್ನಡದ ಒಬ್ಬರು ಬಂದರೂ ಬಂದರು, ಬರದಿದ್ದರೂ ಇಲ್ಲ. ಇನ್ನು ತುವಾಲು ಎಂಬ ದ್ವೀಪ ದೇಶ ತೆಗೆದುಕೊಳ್ಳಿ. ಜನಸಂಖ್ಯೆ ಸುಮಾರು 11,000. ಸಮುದ್ರ ಏರಿದರೆ ದೇಶವೇ ಮುಳುಗುವ ಸ್ಥಿತಿ. ತಲೆ ಎಣಿಸಿ ಚೀಟಿ ಎತ್ತಿದರೆ ಸಾವಿರ ಸಲ ಎತ್ತಿದರೂ ತುವಾಲುವಿನವರ ಹೆಸರು ಬರುವುದು ಕಷ್ಟ. ವಿಶ್ವಸಂಸ್ಥೆಯಲ್ಲಾದರೆ ತುವಾಲುವಿಗೂ ಒಂದು ಕುರ್ಚಿ, 140 ಕೋಟಿಯ ಭಾರತಕ್ಕೂ ಒಂದೇ ಕುರ್ಚಿ. ಒಂದು ಕಡೆ ದೇಶಗಳು ಸಮ, ಇನ್ನೊಂದು ಕಡೆ ಜನರು ಸಮ. ಎರಡರಲ್ಲಿ ಯಾವುದು ನ್ಯಾಯ? ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಯಾರಿಗೆ ಪೆಟ್ಟು ಹೆಚ್ಚು ಬೀಳುತ್ತದೋ ಅವರಿಗೆ ಕೆಲವು ಕುರ್ಚಿ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ತಲೆ ಎಣಿಸಿ ಚೀಟಿ ಎತ್ತುವುದು ಸರಿಯಾದ ದಾರಿ. ಪಂಚಾಯಿತಿಯಲ್ಲಿ ಮೀಸಲಾತಿ ನೋಡಿದ ನಮಗೆ ಇದು ಅರ್ಥವಾಗದ ವಿಚಾರವೇನಲ್ಲ.

ಹೇಳಿದ್ದನ್ನು ಕೇಳಿಸಿಕೊಂಡವರು ಯಾರು

ಆ ನೂರು ಜನ ಸುಮ್ನೆ ಕಾಲ ಕಳೆಯಲಿಲ್ಲ. ಒಂದು ಘೋಷಣೆ ಬರೆದರು. ಶುದ್ಧವಾದ, ಆರೋಗ್ಯಕರ ಪರಿಸರ ಪ್ರತಿ ಮನುಷ್ಯನ ಹಕ್ಕಾಗಬೇಕು, ಪ್ರಕೃತಿಗೂ ಹಕ್ಕುಗಳಿರಬೇಕು, ಪರಿಸರವನ್ನು ಭಾರಿ ಪ್ರಮಾಣದಲ್ಲಿ ನಾಶ ಮಾಡುವುದನ್ನು ಅಪರಾಧ ಎಂದು ಪರಿಗಣಿಸಬೇಕು ಎಂದೆಲ್ಲ ಅದರಲ್ಲಿದೆ. ನವೆಂಬರ್ 1ರಂದು ಗ್ಲಾಸ್ಗೊದಲ್ಲಿ ಅದನ್ನು ಮುಂದಿಟ್ಟರು. ಆದರೆ ಕಾಪ್ ಅಷ್ಟರಲ್ಲಿ ಶುರುವಾಗಿತ್ತು. ದೇಶಗಳು ತಮ್ಮ ನಿಲುವನ್ನು ತಿಂಗಳುಗಳ ಮೊದಲೇ ಗಟ್ಟಿ ಮಾಡಿಕೊಂಡು ಬಂದಿದ್ದವು. ಸಂಧಾನಕಾರರ ಮೇಜಿನಲ್ಲಿ ಈ ಘೋಷಣೆಗೆ ಯಾವ ಸ್ಥಾನವೂ ಇರಲಿಲ್ಲ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಗುಟೆರೆಸ್ ಈ ಸಭೆಯನ್ನು ಹೊಗಳಿದ್ದರು. ಹೊಗಳಿಕೆಯಿಂದ ಯಾವ ದೇಶವೂ ಉತ್ತರ ಕೊಡಬೇಕಾದ ಬಾಧ್ಯತೆ ಹುಟ್ಟುವುದಿಲ್ಲ. 2022ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆರೋಗ್ಯಕರ ಪರಿಸರವನ್ನು ಮಾನವ ಹಕ್ಕು ಎಂದು 161 ಮತಗಳಿಂದ ಒಪ್ಪಿತು. ಆದರೆ ಅದಕ್ಕಾಗಿ ಎಷ್ಟೋ ವರ್ಷಗಳಿಂದ ಬೇರೆಯವರು ಹೋರಾಡುತ್ತಿದ್ದರು. ನೂರು ಜನರ ಸಭೆಯಿಂದ ಆಯಿತು ಎನ್ನಲು ಬರುವುದಿಲ್ಲ.

ಇಡೀ ವಿಷಯದ ದುರ್ಬಲ ಜಾಗ ಇದೇ ಎಂದು ನಾನು ತಿಳಿದಿದ್ದೇನೆ. ಜನರನ್ನು ಆರಿಸುವುದು, ಕೂರಿಸುವುದು, ಮಾತಾಡಿಸುವುದು ಹೇಗೆ ಎಂದು ಸಂಘಟಕರು ಚೆನ್ನಾಗಿ ಕಲಿತಿದ್ದಾರೆ. ಆ ಮಾತು ತೀರ್ಮಾನ ಮಾಡುವವರ ಕಿವಿಗೆ ಬೀಳಲೇಬೇಕು ಎನ್ನುವ ಏರ್ಪಾಡು ಮಾತ್ರ ಇನ್ನೂ ಆಗಿಲ್ಲ.

ಒಂದೇ ದೇಶದೊಳಗೂ ಇದು ಸುಲಭವಲ್ಲ. ಫ್ರಾನ್ಸಿನಲ್ಲಿ 2019-20ರಲ್ಲಿ ಚೀಟಿ ಎತ್ತಿ ಆರಿಸಿದ 150 ಜನ ಹವಾಮಾನದ ಬಗ್ಗೆ 149 ಪ್ರಸ್ತಾವ ಕೊಟ್ಟರು. ನೀವು ಹೇಳಿದ್ದನ್ನು ಸೋಸದೆ ಮುಂದಕ್ಕೆ ಕಳಿಸುತ್ತೇನೆ ಎಂದು ಅಧ್ಯಕ್ಷ ಮ್ಯಾಕ್ರೋನ್ ಮಾತು ಕೊಟ್ಟಿದ್ದರು. ಮೂರನ್ನು ಅವರೇ ತಳ್ಳಿಹಾಕಿದರು. ಉಳಿದವುಗಳಲ್ಲೂ ಹಲವು ಕಾನೂನಾಗುವ ಹೊತ್ತಿಗೆ ಸಾಕಷ್ಟು ತೆಳುವಾಗಿದ್ದವು. ಅಲ್ಲಿ ಮಾತು ಕೊಡಲು ಒಬ್ಬ ಅಧ್ಯಕ್ಷನಾದರೂ ಇದ್ದ, ಮಾತು ತಪ್ಪಿದಾಗ ಜಗಳವಾಡಲು ಒಂದು ಸಂಸತ್ತು ಇತ್ತು. 198 ಸದಸ್ಯರ ಸಭೆಯಲ್ಲಿ ಯಾರನ್ನು ಹಿಡಿದು ಕೇಳುವುದು?

ನಮ್ಮ ಕಾವೇರಿಯನ್ನೇ ನೋಡಿ. ಅದು ದೇಶದ ಗಡಿಯಲ್ಲ, ರಾಜ್ಯದ ಗಡಿ. ಆದರೂ ಗಡಿಯ ಕಷ್ಟವೆಲ್ಲ ಅಲ್ಲಿದೆ. 2002ರ ಮಳೆ ಕೈಕೊಟ್ಟು ಎರಡೂ ಕಡೆ ಬೀದಿ ಹೊತ್ತಿ ಉರಿದಿತ್ತು. ಮರುವರ್ಷ ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಮುಂತಾದವರ ಪ್ರಯತ್ನದಿಂದ ಕರ್ನಾಟಕ ಮತ್ತು ತಮಿಳುನಾಡಿನ ರೈತರು ಒಟ್ಟಿಗೆ ಕೂತರು. ಕಾವೇರಿ ಕುಟುಂಬ ಎಂದು ಹೆಸರಿಟ್ಟುಕೊಂಡರು. ನಮ್ಮ ರೈತರು ಕೆಳಗಿನ ಮುಖಜ ಪ್ರದೇಶಕ್ಕೆ ಹೋಗಿ ಒಣಗಿದ ಭತ್ತದ ಗದ್ದೆ ನೋಡಿದರು. ಅವರು ಇಲ್ಲಿಗೆ ಬಂದು ನಮ್ಮ ಅಣೆಕಟ್ಟು, ನಮ್ಮ ಹೊಲ ನೋಡಿದರು. ನೀರು ಕದಿಯುವವರು ಎಂದು ಪರಸ್ಪರ ಬೈದುಕೊಂಡಿದ್ದವರು ಒಬ್ಬರ ಊರಿಗೆ ಒಬ್ಬರು ಹೋಗಿ ಬಂದರು. ನಾಯಕರು ದಶಕಗಟ್ಟಲೆ ಮಾಡದ ಕೆಲಸ ಅದು. ಇದನ್ನು ಬರೆಯುವಾಗ ನನಗೆ ಹೆಮ್ಮೆ ಅನಿಸುತ್ತದೆ.

ಇವರನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಹೆಚ್ಚಿನವರು ರೈತ ಸಂಘಟನೆಗಳ ಮುಂದಾಳುಗಳು. ಕೃಷಿ ಕೂಲಿಗಳ, ಕುಡಿಯುವ ನೀರಿಗೆ ಕಾಯುವ ಪೇಟೆಯವರ ಪಾಲು ಅಲ್ಲಿ ಕಡಿಮೆ. ಆದರೆ ಅವರು ತಮ್ಮವರ ಹತ್ತಿರ ಹೋಗಿ ಮಾತಾಡಿದರೆ ಜನ ಕೇಳುತ್ತಿದ್ದರು. ಚೀಟಿಯಲ್ಲಿ ಬಂದವರಿಗೆ ಆ ಬಲ ಇರುವುದಿಲ್ಲ. ಎರಡಕ್ಕೂ ಅದರದರ ಲಾಭ ಇದೆ. ಕಾವೇರಿ ಕುಟುಂಬಕ್ಕೆ ಅಡ್ಡ ಬಂದದ್ದು ಇದಲ್ಲ. ಅವರು ಕಂಡುಕೊಳ್ಳುವ ದಾರಿಯನ್ನು ಪರಿಗಣಿಸಲೇಬೇಕೆಂಬ ನಿಯಮ ಯಾವ ಸರ್ಕಾರಕ್ಕೂ ಇರಲಿಲ್ಲ. ನ್ಯಾಯಮಂಡಳಿ 2007ರಲ್ಲಿ ತನ್ನ ತೀರ್ಪು ಕೊಟ್ಟಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಮಾರ್ಪಡಿಸಿತು. ರೈತರ ಮಾತುಕತೆ ಪಕ್ಕದಲ್ಲೇ ಉಳಿಯಿತು.

ಉತ್ತರ ಕೊಡಲೇಬೇಕು ಎನ್ನುವ ನಿಯಮ ಮಾಡಲು ಆಗುತ್ತದಾ? ಆಗುತ್ತದೆ. ಬೆಲ್ಜಿಯಂನಲ್ಲಿ ಜರ್ಮನ್ ಮಾತಾಡುವ ಒಂದು ಪುಟ್ಟ ಪ್ರಾಂತ್ಯವಿದೆ. ಅಲ್ಲಿ 2019ರಲ್ಲಿ ಕಾನೂನನ್ನೇ ಮಾಡಿದರು. ಚೀಟಿ ಎತ್ತಿ ಆರಿಸಿದ 24 ಜನರ ಒಂದು ಕಾಯಂ ಮಂಡಳಿ. ಯಾವ ವಿಷಯ ಚರ್ಚೆಗೆ ಬರಬೇಕು ಎಂದು ಅವರೇ ಹೇಳುತ್ತಾರೆ. ಆ ವಿಷಯಕ್ಕೆ ಬೇರೆ ನಾಗರಿಕರ ಸಭೆ ಕೂರುತ್ತದೆ. ಅವರು ಕೊಟ್ಟ ಸಲಹೆಯನ್ನು ಶಾಸನಸಭೆ ಅವರ ಎದುರಲ್ಲೇ ಚರ್ಚಿಸಬೇಕು. ಬೇಡ ಎನ್ನುವುದಾದರೆ ಯಾಕೆ ಬೇಡ ಎಂದು ಕಾರಣ ಕೊಡಬೇಕು. ಒಪ್ಪಲೇಬೇಕೆಂದಿಲ್ಲ, ಉತ್ತರಿಸಲೇಬೇಕು.

ಅಂತರರಾಷ್ಟ್ರೀಯ ಮಟ್ಟದಲ್ಲೂ ಇದಕ್ಕೆ ಹತ್ತಿರದ ಒಂದು ವ್ಯವಸ್ಥೆ ಇದೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ 1998ರಲ್ಲಿ ಆದ ಒಪ್ಪಂದ ಅದು. ಪರಿಸರದ ಮಾಹಿತಿ ಪಡೆಯುವ, ತೀರ್ಮಾನದಲ್ಲಿ ಪಾಲ್ಗೊಳ್ಳುವ, ನ್ಯಾಯ ಕೇಳುವ ಮೂರು ಹಕ್ಕುಗಳನ್ನು ಅದು ಜನರಿಗೆ ಕೊಡುತ್ತದೆ. ಸದಸ್ಯ ದೇಶ ಅದನ್ನು ಮುರಿದರೆ ಒಬ್ಬ ಸಾಮಾನ್ಯ ನಾಗರಿಕನೂ ಅದರ ಸಮಿತಿಗೆ ದೂರು ಬರೆಯಬಹುದು. ಸರ್ಕಾರ ಬಂದು ಉತ್ತರ ಹೇಳಬೇಕು. ಬಹುತೇಕ ಯುರೋಪ್ ಮತ್ತು ಮಧ್ಯ ಏಷ್ಯಾದ ದೇಶಗಳೇ ಇದರಲ್ಲಿವೆ, ಆದರೆ ಬೇರೆಯವರಿಗೂ ಬಾಗಿಲು ತೆರೆದಿದೆ. 2023ರಲ್ಲಿ ಆಫ್ರಿಕಾದ ಗಿನಿ-ಬಿಸಾವ್ ಎಂಬ ಸಣ್ಣ, ಬಡ ದೇಶ ಹೊರಗಿನಿಂದ ಸೇರಿದ ಮೊದಲ ದೇಶವಾಯಿತು. ಭಾರತ ಸೇರಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಇದೇ ಜಾಡಿನ ಎಸ್ಕಾಸು ಒಪ್ಪಂದ 2021ರಿಂದ ಜಾರಿಯಲ್ಲಿದೆ. ಏಷ್ಯಾಕ್ಕೆಂದೇ ಅಂಥ ಒಪ್ಪಂದ ಇಲ್ಲ.

ಬೆಲ್ಜಿಯಂನ ಆ ಕಾನೂನು, ಆರ್ಹುಸ್ ಒಪ್ಪಂದ, ಈ ಎರಡನ್ನೂ ಕೂಡಿಸಿದರೆ ಮುಂದಿನ ದಾರಿ ಕಾಣುತ್ತದೆ. ನಾಗರಿಕ ಸಭೆಯನ್ನು ಸಂಧಾನ ಶುರುವಾಗುವ ಒಂದು ವರ್ಷ ಮೊದಲೇ ಕೂರಿಸಬೇಕು. ಅದರ ಸಲಹೆ ಕಾಪ್‌ನ ಕಾರ್ಯಸೂಚಿಯಲ್ಲೇ ಒಂದು ವಿಷಯವಾಗಿ ಬರಬೇಕು. ಒಪ್ಪದ ದೇಶ ಯಾಕೆ ಒಪ್ಪುವುದಿಲ್ಲ ಎಂದು ಬರೆದು ಕೊಡಬೇಕು. ಇದಕ್ಕೆ ಹೊಸ ಒಪ್ಪಂದ ಬೇಡ, ಸದಸ್ಯ ದೇಶಗಳ ಒಂದು ನಿರ್ಣಯ ಸಾಕು. ಒಮ್ಮತ ಬೇಕಾದ ಸಭೆಯಲ್ಲಿ ಆ ನಿರ್ಣಯ ಮಾಡಿಸುವುದು ಸುಲಭವಲ್ಲ ಎಂದು ಗೊತ್ತು. ಆದರೆ ತೀರ್ಮಾನದ ಅಧಿಕಾರ ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಉತ್ತರ ಕೊಡಿ ಎನ್ನುತ್ತಿದ್ದಾರೆ, ಅಷ್ಟೇ.

ಮೊದಲು ಎತ್ತಿಕೊಳ್ಳಬೇಕಾದ ವಿಷಯ ಬಿಸಿಲು ಮಂಕು ಮಾಡುವುದೇ. ಯಾಕೆಂದರೆ ಇದರಲ್ಲಿ ಜನರ ನಿಲುವು ಇನ್ನೂ ಗಟ್ಟಿಯಾಗಿಲ್ಲ. ದೇಶಗಳ ನಿಲುವೂ ಪೂರ್ತಿ ಗಟ್ಟಿಯಾಗಿಲ್ಲ. ಮಾತಾಡಿ ಯೋಚಿಸಲು ಇನ್ನೂ ಸಮಯ ಇದೆ. ಆದರೆ ತುಂಬಾ ಇಲ್ಲ. ಅಮೆರಿಕದ ಒಂದು ಪುಟ್ಟ ಸ್ಟಾರ್ಟಪ್ 2022ರಲ್ಲಿ ಯಾರನ್ನೂ ಕೇಳದೆ ಮೆಕ್ಸಿಕೊದಿಂದ ಗಂಧಕದ ಅನಿಲ ತುಂಬಿದ ಬಲೂನು ಹಾರಿಸಿಬಿಟ್ಟಿತು. ಮೆಕ್ಸಿಕೊ ಸರ್ಕಾರ ಆಮೇಲೆ ಎಚ್ಚೆತ್ತು, ಇಂಥದ್ದನ್ನು ನಿಷೇಧಿಸುತ್ತೇವೆ ಎಂದಿತು. 2024ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಸೇರಿದಾಗ, ಈ ತಂತ್ರದ ಬಗ್ಗೆ ತಜ್ಞರ ಒಂದು ಗುಂಪು ರಚಿಸೋಣ ಎಂದು ಸ್ವಿಟ್ಜರ್ಲೆಂಡ್ ಪ್ರಸ್ತಾವ ಇಟ್ಟಿತ್ತು. ಅದಕ್ಕೂ ಒಪ್ಪಿಗೆ ಸಿಗದೆ ಪ್ರಸ್ತಾವ ವಾಪಸಾಯಿತು.

ಸರ್ಕಾರಗಳು ತಜ್ಞರ ಗುಂಪಿಗೂ ಒಪ್ಪದ ಹೊತ್ತಲ್ಲಿ ಜನರ ಸಭೆಗೆ ಕಾಯುತ್ತಾ ಕೂರುವ ಅಗತ್ಯವಿಲ್ಲ. ವಿಶ್ವವಿದ್ಯಾಲಯಗಳು, ಕೃಷಿ ಸಂಸ್ಥೆಗಳು ಈಗಲೇ ಶುರು ಮಾಡಬಹುದು. ಬೆಂಗಳೂರಿನಲ್ಲಿ ಮುಂಗಾರಿನ ಮಾದರಿ ಮಾಡುವ ವಿಜ್ಞಾನಿಗಳಿದ್ದಾರೆ. ಮಳೆಯನ್ನೇ ನಂಬಿ ಬಿತ್ತುವ ವಿಜಯಪುರ, ರಾಯಚೂರಿನ ರೈತರಿದ್ದಾರೆ. ಮಳೆಗಾಲದಲ್ಲಿ ಬಲೆ ಮಡಚಿಟ್ಟು ಕಾಯುವ ಮಲ್ಪೆಯ ಮೀನುಗಾರರಿದ್ದಾರೆ. ಇವರಿಗೂ ಸೆನೆಗಲ್‌ನ ಸಜ್ಜೆ ಬೆಳೆಗಾರರಿಗೂ ಕಿರುನಾದ ಹಿಮಸಾರಂಗ ಸಾಕುವವರಿಗೂ ಒಂದೇ ಮಾಹಿತಿ ಪುಸ್ತಕ ಕೊಟ್ಟು, ಅವರವರ ಭಾಷೆಗೆ ಒಳ್ಳೆಯ ಅನುವಾದಕರನ್ನು ಇಟ್ಟು, ಎದುರುಬದುರು ಕೂರಿಸಬೇಕು. ಮೊದಲ ದಿನ ಕೇಳಬೇಕಾದ ಪ್ರಶ್ನೆಯನ್ನೂ ಅವರೇ ಬರೆಯಲಿ. ಮಳೆ ತಪ್ಪಿದರೆ ಅದು ಪ್ರಕೃತಿಯ ಆಟವೋ ಮನುಷ್ಯರ ಕೆಲಸವೋ ಎಂದು ಯಾರು ತೀರ್ಮಾನಿಸುತ್ತಾರೆ, ನಷ್ಟ ಯಾರು ಕಟ್ಟಿಕೊಡುತ್ತಾರೆ, ಒಮ್ಮೆ ಶುರು ಮಾಡಿದ್ದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂದು ಅವರು ಕೇಳದೆ ಬಿಡುವುದಿಲ್ಲ.